ಬೆಂಗಳೂರು ಪೇಟೆ ನಡಿಗೆ: ಗೈಡ್ ಬೇಕಾ, ಯಾವ ದಿನ ಹೋಗೋದು?

ಶಿವಮೊಗ್ಗದ ಮಳೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಲಾಲ್‌ಬಾಗ್, ವಿಧಾನಸೌಧ ಎಲ್ಲ ಅವರು ನೋಡಿ ಆಗಿದೆ. ಈ ಸಲ ಹಳೇ ಪೇಟೆಯನ್ನು ನಡೆದುಕೊಂಡೇ ತೋರಿಸೋಣ ಅಂತಿದ್ದೇನೆ. ನಾನು ಇಷ್ಟು ವರ್ಷ ಅಲ್ಲಿಗೆ ಹೋಗಿರುವುದು ಸೀರೆ ತರೋಕೆ, ಮದುವೆ ಕಾರ್ಡ್ ಮಾಡಿಸೋಕೆ ಅಷ್ಟೇ.

ಗೈಡ್ ಜೊತೆ ನಡೆಯುವ ಟೂರ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಕಾಣಿಸುತ್ತಿವೆ. ಹೆಚ್ಚಿನವು ಭಾನುವಾರ ಬೆಳಗ್ಗೆ. ಅಪ್ಪನಿಗೆ ಮಂಡಿನೋವು ಇದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಇಂಥವರನ್ನು ಕರೆದುಕೊಂಡು ಹೋಗಬಹುದಾ? ಮೊಬೈಲ್‌ನಲ್ಲಿ ಮ್ಯಾಪ್ ಹಾಕಿಕೊಂಡು ನಾವೇ ಸುತ್ತಿದರೆ ಸಾಲದಾ? ಹೋಗಿಬಂದವರು ಹೇಳಿ.

ಪೇಟೆ ಗಲ್ಲಿ

ಖಂಡಿತ ಕರೆದುಕೊಂಡು ಹೋಗಿ. ಆದರೆ ಭಾನುವಾರ ಬೇಡ, ಮತ್ತೆ ಗೈಡ್ ಇಲ್ಲದೆ ಬೇಡ. ಎರಡಕ್ಕೂ ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಹಂಪಿಗೆ ಹೋದರೆ ನೋಡಬೇಕಾದ್ದು ಎದುರಿಗೇ ನಿಂತಿರುತ್ತದೆ, ಪಕ್ಕದಲ್ಲಿ ಫಲಕವೂ ಇರುತ್ತದೆ. ಪೇಟೆಯಲ್ಲಿ ಹಾಗಲ್ಲ. ಅವೆನ್ಯೂ ರಸ್ತೆಯೇ ಹಳೇ ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ಕೂಡುವ ಜಾಗದಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತು ಕಟ್ಟಿಸಿ ನಾಲ್ಕು ದಿಕ್ಕಿಗೂ ಉಳುಮೆ ಮಾಡಿಸಿದರು, ಆ ಗೆರೆಗಳೇ ಬೀದಿಗಳಾದವು ಅನ್ನೋದು ಊರಿನ ಕಥೆ. ಇವತ್ತು ಅಲ್ಲಿ ನಿಂತರೆ ನಿಮಗೆ ಕಾಣಿಸುವುದು ಬೈಕು, ತಲೆ ಮೇಲೆ ಜೋತುಬಿದ್ದ ಕೇಬಲ್, ಬಟ್ಟೆ ಅಂಗಡಿ ಬೋರ್ಡು. ಮ್ಯಾಪ್ ನಿಮ್ಮನ್ನು ಅಲ್ಲಿಗೆ ಮುಟ್ಟಿಸುತ್ತೆ. ಅಲ್ಲಿಂದ ಮುಂದಕ್ಕೆ ಏನನ್ನೂ ಹೇಳಲ್ಲ.

ಇನ್ನು ವಾರದ ದಿನ ಯಾಕೆ ಅಂದರೆ, ಪೇಟೆ ಅಂದರೇನೇ ಕಸುಬು. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ. ನಗರ್ತಪೇಟೆ ಕಡೆ ಚಿನ್ನ ಬೆಳ್ಳಿ ಕೆಲಸ, ಅವೆನ್ಯೂ ರಸ್ತೆಯಲ್ಲಿ ಪುಸ್ತಕ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ ಎಲ್ಲ ಹೀಗೆ ಕಸುಬು, ಸರಕು ನೋಡಿಯೇ ಕರೆದದ್ದು. ಕೆಲವು ಕಡೆ ಕಸುಬು ಬದಲಾಗಿದೆ, ಸಗಟು ದಿನಸಿ ವ್ಯಾಪಾರ ಬಹುಪಾಲು ತರಗುಪೇಟೆ ಬಿಟ್ಟು ಯಶವಂತಪುರಕ್ಕೆ ಹೋಗಿದೆ. ಆದರೂ ಬೀದಿಗೊಂದು ಸರಕು ಅನ್ನೋ ಅಭ್ಯಾಸ ಹೋಗಿಲ್ಲ. ಭಾನುವಾರ ಹೋದರೆ ಸಗಟು ಅಂಗಡಿಗಳ ಶಟರ್ ಎಳೆದಿರುತ್ತೆ. ನಡೆಯೋಕೆ ಆರಾಮ, ನಿಜ. ಆದರೆ ಮುಚ್ಚಿದ ಬಾಗಿಲ ಮುಂದೆ ನಿಂತು ವ್ಯಾಪಾರದ ಕಥೆ ಕೇಳೋದರಲ್ಲಿ ಏನು ಸಿಗುತ್ತೆ ಹೇಳಿ.

ನನ್ನ ಪ್ರಕಾರ ಗೈಡ್ ಮಾಡಬೇಕಾದ ದೊಡ್ಡ ಕೆಲಸ ಇಸವಿ ಹೇಳೋದಲ್ಲ, ಪರಿಚಯ ಮಾಡಿಸೋದು. "ಇವರು ನಮ್ಮವರು, ಸ್ವಲ್ಪ ಹೇಳಿ ಅಣ್ಣಾ" ಅಂತ ಒಂದು ಮಾತು ಹಾಕಿದರೆ ಅಂಗಡಿಯವರು ತಾವೇ ಶುರು ಮಾಡುತ್ತಾರೆ. ಅದಕ್ಕೇ ಕನ್ನಡದಲ್ಲಿ ನಡೆಸುವ ಗೈಡ್ ಹುಡುಕಿ. ಇಂಗ್ಲಿಷ್ ಟೂರ್‌ನಲ್ಲಿ ಗೈಡ್ ಒಬ್ಬರೇ ಮಾತಾಡುತ್ತಾರೆ, ಅಂಗಡಿಯವರು ಸುಮ್ಮನೆ ನೋಡುತ್ತಾ ನಿಂತಿರುತ್ತಾರೆ. ಕನ್ನಡದಲ್ಲಿ ಹೇಳುತ್ತಿದ್ದರೆ ಪಕ್ಕದ ಹೂವಿನವರು, ಹಮಾಲಿಯವರು ಎಲ್ಲ ನಡುವೆ ಬಾಯಿ ಹಾಕುತ್ತಾರೆ, "ಹಾಗಲ್ಲ ಸ್ವಾಮಿ, ಅದು ನಮ್ಮ ತಾತನ ಕಾಲಕ್ಕೆ ಆಚೆ ಬೀದೀಲಿತ್ತು" ಅಂತ ತಿದ್ದುತ್ತಾರೆ. ಅದನ್ನು ಕೇಳೋಕೇ ನಾನು ಹೋಗೋದು.

ಕಟ್ಟೆ ಪುರಾಣ

ಗೈಡ್ ವಿಷಯದಲ್ಲಿ ನನಗೆ ಬೇರೆ ಅನುಭವ. ನಮಗೆ ಸಿಕ್ಕ ಗೈಡ್ ಟಿಪ್ಪು ಅರಮನೆಯಿಂದ ಶ್ರೀರಂಗಪಟ್ಟಣದವರೆಗೆ ಸುರಂಗ ಇದೆ ಅಂದರು. ಪಕ್ಕದಲ್ಲಿದ್ದ ಮಕ್ಕಳು ಅದನ್ನೇ ಬರೆದುಕೊಂಡರು. ದುಡ್ಡು ಕೊಟ್ಟು ಇಂಥದ್ದನ್ನು ಕೇಳುವ ಬದಲು ನಾಲ್ಕು ಪುಟ ಓದಿಕೊಂಡು ಹೋಗೋದು ಒಳ್ಳೆಯದು ಅನ್ನಿಸಿತು.

ಪೇಟೆ ಗಲ್ಲಿ

ನಿಮ್ಮ ಬೇಸರ ಅರ್ಥ ಆಗುತ್ತೆ. ನನಗೂ ಸುರಂಗದ ಕಥೆ ಕೇಳಿದರೆ ಸಂಕಟ ಆಗುತ್ತೆ, ಯಾಕೆಂದರೆ ನಿಜವೇ ಸಾಕಷ್ಟು ದೊಡ್ಡದಿದೆ.

ಅದೇ ಅರಮನೆಯನ್ನು ನೋಡಿ. ಹೈದರ್ ಅಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ್ದು. ಎರಡು ಅಂತಸ್ತು, ತೇಗದ ಕಂಬ, ಮರದ ಕಮಾನು. ಮುಗಿದ ವರ್ಷವೇ ಬ್ರಿಟಿಷರು ಊರಿಗೆ ನುಗ್ಗಿದರು. ಟಿಪ್ಪು ಸತ್ತ ಮೇಲೆ ಅದೇ ಕಟ್ಟಡದಲ್ಲಿ ಸರ್ಕಾರಿ ಕಚೇರಿ ನಡೆಯಿತು, 1868ರಲ್ಲಿ ಅಠಾರಾ ಕಚೇರಿಗೆ ಸ್ಥಳಾಂತರ ಆಗುವವರೆಗೆ. ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ ಇದೆಯಲ್ಲ, ಅದೇ. ಬೆಂಗಳೂರಿನ ಆಡಳಿತ ಪೇಟೆಯ ಪಕ್ಕದಿಂದ ಕಬ್ಬನ್ ಪಾರ್ಕ್ ಕಡೆಗೆ ಸರಿದದ್ದು ಆಗ. ಇದನ್ನು ಆ ಮರದ ಮೆಟ್ಟಿಲ ಹತ್ತಿರ ನಿಂತು ಕೇಳಿದರೆ ಯಾವ ಸುರಂಗವೂ ಬೇಕಾಗಲ್ಲ.

ಕೋಟೆಯೂ ಹಾಗೇ. ಮೊದಲು ಮಣ್ಣಿನ ಕೋಟೆ. 1761ರಲ್ಲಿ ಹೈದರ್ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲ ಕಡೆಯ ಒಂದು ತುಂಡು, ಒಳಗೆ ಗಣಪತಿ ಗುಡಿ ಇದೆ. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು ಹಿಡಿಯಿತು. ಪೇಟೆಗೆ ಅದರದ್ದೇ ಗೋಡೆ, ಕಂದಕ, ಸುತ್ತ ಮುಳ್ಳುಬೇಲಿ ಇತ್ತು. ಕೋಟೆ ಬಿದ್ದದ್ದು ಮಾರ್ಚ್ 21ರ ರಾತ್ರಿ. ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರು ಕಲ್ಲು ಹಾಕಿದ್ದಾರೆ, ಅದರ ಮೇಲೆ ಆ ತಾರೀಖು ಇದೆ. ಮಾರ್ಕೆಟ್ ಹತ್ತಿರ ದಿನವೂ ಸಾವಿರಾರು ಜನ ಅದರ ಮುಂದೆಯೇ ಓಡಾಡುತ್ತಾರೆ.

ಪೇಟೆ ಗೋಡೆಯಿಂದ ಹೊರಕ್ಕೆ ಹಲಸೂರು, ಯಲಹಂಕ, ಸೊಂಡೆಕೊಪ್ಪ, ಆನೇಕಲ್ ಕಡೆಗೆ ಒಂದೊಂದು ಬಾಗಿಲು. ಬಾಗಿಲು ಹೋಯಿತು, ಗೋಡೆ ಹೋಯಿತು. ಹಲಸೂರು ಗೇಟ್ ಪೊಲೀಸ್ ಠಾಣೆ ಮಾತ್ರ ಹಲಸೂರಿನಿಂದ ಅಷ್ಟು ದೂರದಲ್ಲಿ ಇಲ್ಲೇ ಇದೆ. ಇದನ್ನು ತೋರಿಸುವ ಗೈಡ್ ಒಳ್ಳೆಯ ಗೈಡ್. ಕಥೆಯನ್ನು "ಹೀಗೊಂದು ಕಥೆ ಇದೆ" ಅಂತಲೂ ನಡೆದದ್ದನ್ನು "ಇದು ನಡೆದದ್ದು" ಅಂತಲೂ ಬೇರೆ ಮಾಡಿ ಹೇಳುತ್ತಾರಾ ಅಂತ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತೆ.

ಗಲ್ಲಾಪೆಟ್ಟಿಗೆ

ನಮ್ಮದು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ, ತಾತನ ಕಾಲದ್ದು. ಇಲ್ಲಿ ಎಲ್ಲರೂ ನಮ್ಮ ಬೀದಿ ಬಗ್ಗೆ ಪ್ರೀತಿಯಿಂದ ಬರೆದಿದ್ದೀರಿ, ಖುಷಿ ಆಯಿತು. ನಮ್ಮ ಕಡೆಯ ಮಾತೂ ಕೇಳಿ.

ಕಳೆದ ವರ್ಷ ಒಂದು ಗುಂಪು ಬಂತು. ಮೂವತ್ತು ಜನಕ್ಕೂ ಜಾಸ್ತಿ. ಹನ್ನೆರಡು ಗಂಟೆ ಹೊತ್ತಿಗೆ, ನಮ್ಮ ಅಂಗಡಿ ಬಾಗಿಲಿಗೆ ಅಡ್ಡ ನಿಂತರು. ಗೈಡ್ ಕೈಯಲ್ಲಿ ಮೈಕು. ಹಿಂದೆ ತಳ್ಳುಗಾಡಿ ನಿಂತಿತು, ಅದರ ಹಿಂದೆ ಬೇಲ್ ಹೊತ್ತ ಹಮಾಲಿ. ತಲೆ ಮೇಲೆ ಅಷ್ಟು ಭಾರ ಇರುವವನು ಎಷ್ಟು ಹೊತ್ತು ನಿಲ್ಲೋಕಾಗುತ್ತೆ? ಅವನು ದಾರಿ ದಾರಿ ಅಂತ ಕೂಗಿದರೆ ಅವನ ಫೋಟೋ ತೆಗೆದರು. ಆಮೇಲೆ ಅವನು ನಮ್ಮ ಹತ್ತಿರ ಬಂದು ತುಂಬಾ ನೊಂದುಕೊಂಡ.

ಇನ್ನೊಂದು. ಬೆಳಗ್ಗೆ ಬೋಣಿ ಆಗುವ ಮುಂಚೆ ಒಳಗೆ ಬಂದು, ನಾಲ್ಕು ಸೀರೆ ಬಿಚ್ಚಿಸಿ, ರೇಟು ಕೇಳಿ, ಸುಮ್ನೆ ಹೋಗಬೇಡಿ. ನಮ್ಮಲ್ಲಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ನೋಡೋಕೆ ಬಂದಿದ್ದೀವಿ ಅಂತ ಮೊದಲೇ ಹೇಳಿ. ಹೇಳಿದರೆ ನಮ್ಮ ಅಪ್ಪನೇ ಕೂರಿಸಿಕೊಂಡು ಹಳೇ ಲೆಕ್ಕದ ಪುಸ್ತಕ ತೋರಿಸುತ್ತಾರೆ.

ಪೇಟೆ ಗಲ್ಲಿ

@ಗಲ್ಲಾಪೆಟ್ಟಿಗೆ ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಟೂರ್ ನಡೆಸುವ ಎಲ್ಲರೂ ಇದನ್ನು ಓದಬೇಕು.

ಬುಕ್ ಮಾಡುವವರಿಗೆ ನಾನು ಹೇಳೋದು: ಫೋನ್ ಮಾಡಿದಾಗ ರೇಟಿಗಿಂತ ಮೊದಲು ಗುಂಪಿನಲ್ಲಿ ಎಷ್ಟು ಜನ ಅಂತ ಕೇಳಿ. ಹತ್ತು ದಾಟಿದರೆ ಬೇಡ. ಮೈಕ್ ಬಳಸುತ್ತೀರಾ ಅಂತ ಕೇಳಿ. ಎಲ್ಲಿ ನಿಲ್ಲಿಸಿ ಮಾತಾಡುತ್ತೀರಿ ಅಂತ ಕೇಳಿ, ಗುಡಿ ಅಂಗಳ, ಅರಮನೆ ತೋಟ, ಮೆಟ್ರೋ ಸ್ಟೇಷನ್ ಹೊರಗಿನ ಜಾಗ ಅಂದರೆ ಅವರಿಗೆ ಬೀದಿ ಗೊತ್ತು ಅಂತ ಅರ್ಥ. ಕಥೆಯನ್ನು ಅಲ್ಲಿ ಹೇಳಿ ಮುಗಿಸಿ, ಗಲ್ಲಿಯಲ್ಲಿ ಬರೀ ತೋರಿಸುತ್ತಾ ಸಾಲಾಗಿ ನಡೆಯಬೇಕು.

ಹೊತ್ತಿನ ಲೆಕ್ಕವೂ ಇದೆ. ಬೆಳಗ್ಗೆ ಬೇಗ ಮಾರ್ಕೆಟ್ಟು. ಬಿಸಿಲು ಏರುವ ಮುಂಚೆ ಕೋಟೆ, ಅರಮನೆ, ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ. ಮೊಘಲರ ಕೈಯಿಂದ ಬೆಂಗಳೂರನ್ನು ಪಡೆದ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು ಅದು. ತಿಂಡಿ ಮುಗಿಸಿ ಅವೆನ್ಯೂ ರಸ್ತೆಗೆ ಬರುವ ಹೊತ್ತಿಗೆ ಶಟರ್‌ಗಳು ಮೇಲೇಳುತ್ತಿರುತ್ತವೆ. ಊದುಬತ್ತಿ ಹಚ್ಚಿ, ಬಾಗಿಲಿಗೆ ನೀರು ಹಾಕಿ, ಇನ್ನೂ ಗಿರಾಕಿ ಬಂದಿರಲ್ಲ. ಆ ಹೊತ್ತಲ್ಲಿ ಅಂಗಡಿಯವರಿಗೂ ಮಾತಾಡೋಕೆ ಪುರುಸೊತ್ತು ಇರುತ್ತೆ. ಹನ್ನೊಂದು ದಾಟಿದ ಮೇಲೆ ಪೇಟೆಯನ್ನು ಅವರಿಗೆ ಬಿಟ್ಟುಕೊಡಿ.

ಧಾರವಾಡದಿಂದ

ಹೂವಿನ ಮಾರ್ಕೆಟ್ ನೋಡ್ಲಿಕ್ಕೆ ಎಷ್ಟೊತ್ತಿಗೆ ಹೋಗಬೇಕ್ರಿ? ಫೋಟೋದಾಗ ನೋಡಿದ್ದು, ಮೇಲಿಂದ ತೆಗೆದದ್ದು, ಬಣ್ಣದ ರಾಶಿ. ಅದು ದಿನಾ ಹಂಗೇ ಇರ್ತದೇನ್ರಿ?

ಪೇಟೆ ಗಲ್ಲಿ

ದಿನಾ ಇರುತ್ತೆ ಸರ್. ಮುಖ್ಯ ವ್ಯಾಪಾರ ನಸುಕಿನಲ್ಲಿ, ಏಳು ಗಂಟೆಯ ಹೊತ್ತಿಗೆ ಅರ್ಧ ಕರಗಿರುತ್ತೆ. ಸೇವಂತಿಗೆ, ಚೆಂಡು ಹೂವು, ಸುಗಂಧರಾಜ, ಕನಕಾಂಬರ, ಕಾಕಡ, ಮಲ್ಲಿಗೆ. ಮೂಟೆ ಬಿಚ್ಚಿ ಸುರಿಯೋದು, ತಕ್ಕಡಿಗೆ ಹಾಕೋದು, ಮತ್ತೆ ಕಟ್ಟೋದು, ಇಷ್ಟೇ ಕೆಲಸ, ಆದರೆ ಆ ವೇಗ ನೋಡಬೇಕು. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆಯ ಹಿಂದಿನ ದಿನ ರೇಟು ಎಷ್ಟೋ ಪಟ್ಟು ಏರುತ್ತೆ. ಆವತ್ತು ಟೂರ್ ಅಂತ ಹೋಗಲೇಬೇಡಿ, ಕಾಲಿಡೋಕೂ ಜಾಗ ಇರಲ್ಲ. ನೆಲ ಯಾವಾಗಲೂ ಒದ್ದೆ, ದಂಟು ಎಲೆ ಬಿದ್ದಿರುತ್ತೆ. ಹವಾಯಿ ಚಪ್ಪಲಿ ಜಾರುತ್ತೆ, ಶೂ ಹಾಕಿ.

ಆ ಮಾರುಕಟ್ಟೆ ಇರುವ ಜಾಗ ಹಿಂದೆ ಸಿದ್ದಿಕಟ್ಟೆ. ಕೆರೆ ಇದ್ದ ಜಾಗ, ಆಮೇಲೆ ಸಂತೆ ಸೇರತೊಡಗಿತು. ಕೃಷ್ಣರಾಜೇಂದ್ರ ಮಾರುಕಟ್ಟೆ ಅಂತ ಕಟ್ಟಿದ ಮೇಲೂ ಹಳಬರಿಗೆ ಅದು ಸಿಟಿ ಮಾರ್ಕೆಟ್ಟೇ.

ಅಜ್ಜಿ ಜೊತೆ ಸುತ್ತಾಟ

@ಶಿವಮೊಗ್ಗದ ಮಳೆ, ಮಂಡಿನೋವಿನ ಬಗ್ಗೆ ಯಾರೂ ಹೇಳಲೇ ಇಲ್ಲ. ನಾನು ನಮ್ಮಜ್ಜಿಯನ್ನು ಕರೆದುಕೊಂಡು ಹೋಗಿದ್ದೆ, ಹಾಗಾಗಿ ಬರೆಯುತ್ತಿದ್ದೇನೆ.

ಪೂರ್ತಿ ದಾರಿ ಒಂದೇ ಬೆಳಗ್ಗೆ ಬೇಡ. ಎರಡು ಭಾಗ ಮಾಡಿ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದರೆ ಟಿಪ್ಪು ಅರಮನೆ, ವೆಂಕಟರಮಣ ದೇವಸ್ಥಾನ, ಕೋಟೆ ಎಲ್ಲ ಹತ್ತಿರ ಹತ್ತಿರ. ಕೂರೋಕೆ ಜಾಗ ಇದೆ, ನೆರಳಿದೆ. ಮಾರನೇ ದಿನ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಬಳೇಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆ. ಎರಡೂ ಸ್ಟೇಷನ್‌ನಲ್ಲಿ ಲಿಫ್ಟ್ ಇದೆ. ಶೌಚಾಲಯಕ್ಕೂ ಸ್ಟೇಷನ್ನೇ ನಂಬಿ, ಗಲ್ಲಿ ಒಳಗೆ ಹೊಕ್ಕ ಮೇಲೆ ಕಷ್ಟ, ಅದರಲ್ಲೂ ಹೆಂಗಸರಿಗೆ. ಗೈಡ್‌ಗೆ ಇದನ್ನು ಮೊದಲೇ ಹೇಳಿಡಿ.

ಫುಟ್‌ಪಾತ್ ಎತ್ತರ ತಗ್ಗು ಜಾಸ್ತಿ. ಅಪ್ಪನಿಗೆ ಕೋಲು ಹಿಡಿಯೋಕೆ ಮುಜುಗರ ಆದರೂ ಒಂದು ಕೊಡೆ ಕೊಡಿ, ಊರೋಕೆ ಆಗುತ್ತೆ. ತಿಂಡಿಗೆ ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನ ನಮ್ಮಜ್ಜಿಗೆ ತುಂಬಾ ಹಿಡಿಸಿತು. ಅಲ್ಲಿ ಅರ್ಧ ಗಂಟೆ ಕೂತರೆ ಕಾಲಿಗೂ ಆರಾಮ.

ತಿಗಳರಪೇಟೆ

ಧರ್ಮರಾಯನ ಗುಡಿ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಪೇಟೆ ನಡಿಗೆ ಅಂದರೆ ಅದು ಇರಲೇಬೇಕು. ಪಾಂಡವರ, ದ್ರೌಪದಮ್ಮನ ಗುಡಿ. ಚೈತ್ರ ಪೌರ್ಣಮಿಯ ರಾತ್ರಿ ಕರಗ ಹೊರಡೋದು ಇಲ್ಲಿಂದಲೇ. ಹೂವಿನ ಕರಗ ಹೊತ್ತ ಅರ್ಚಕರು, ಸುತ್ತ ಕತ್ತಿ ಹಿಡಿದ ವೀರಕುಮಾರರು, ಬೆಳಗಿನವರೆಗೆ ಪೇಟೆಯ ಬೀದಿ ಬೀದಿ ಸುತ್ತುತ್ತಾರೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ ಕರಗ. ಇದು ಯಾರೋ ಇತ್ತೀಚೆಗೆ ಶುರು ಮಾಡಿದ್ದಲ್ಲ, ನಮ್ಮ ಹಿರಿಯರಿಂದ ಬಂದದ್ದು.

ಒಂದೇ ಕೋರಿಕೆ. ಕೆಲವು ಗೈಡ್‌ಗಳು ಅರ್ಚಕರ ಹೆಣ್ಣುಡುಗೆಯನ್ನು ವೇಷ ಅನ್ನೋ ಥರ ಹೇಳುತ್ತಾರೆ, ಕೇಳಿದವರು ನಗುತ್ತಾರೆ. ಆ ದಿನಗಳಲ್ಲಿ ಅವರು ಎಷ್ಟು ವ್ರತ, ನೇಮದಲ್ಲಿ ಇರುತ್ತಾರೆ ಅಂತ ನಮ್ಮ ತಿಗಳರ ಮನೆಗಳಿಗೆ ಗೊತ್ತು. ಗುಡಿಗೆ ಬನ್ನಿ, ಚಪ್ಪಲಿ ಬಿಟ್ಟು ಕೈಮುಗಿದು ಬನ್ನಿ, ಕೇಳಿದ್ದಕ್ಕೆಲ್ಲ ಇಲ್ಲಿನ ಹಿರಿಯರು ಹೇಳುತ್ತಾರೆ. ಕರಗದ ರಾತ್ರಿ ಟೂರ್ ಗುಂಪಾಗಿ ಬರಬೇಡಿ. ಊರ ಜನರ ಹಾಗೆ ಬಂದು ಬೀದಿ ಬದಿಯಲ್ಲಿ ನಿಂತುಕೊಳ್ಳಿ.

ಪೇಟೆ ಗಲ್ಲಿ

@ತಿಗಳರಪೇಟೆ ನೂರಕ್ಕೆ ನೂರು ಒಪ್ಪುತ್ತೇನೆ ಅಣ್ಣಾ. ಮಲ್ಲಿಗೆ ಹೂ ಹಿಡಿದು ಕಾಯುವ ಜನರ ನಡುವೆ ನಿಂತು ಕರಗ ನೋಡಿದವರಿಗೆ ಬೇರೆ ವಿವರಣೆ ಬೇಡ.

ಇದೇ ನೆಪದಲ್ಲಿ ಇನ್ನೊಂದು ಹೇಳಿಬಿಡುತ್ತೇನೆ. ಪೇಟೆ ಒಬ್ಬರ ಊರಲ್ಲ. 1638ರಲ್ಲಿ ಬಿಜಾಪುರದವರು ಗೆದ್ದು ಶಿವಾಜಿಯ ತಂದೆ ಶಹಾಜಿಗೆ ಜಹಗೀರು ಕೊಟ್ಟರು, ಮರಾಠಿ ಬಂತು. ಆಮೇಲೆ ಮೊಘಲರು, ಒಡೆಯರು, ಹೈದರ್. ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಕಾಳಿಕಾಂಬ ಗುಡಿ, ತಾರಾಮಂಡಲಪೇಟೆಯಲ್ಲಿ ಹಳೇ ಮಸೀದಿ, ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚು. ಅಲ್ಲಿ ಕನ್ನಡದಲ್ಲೇ ಪ್ರಾರ್ಥನೆ. ನಮ್ಮ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಅವರ ನೆನಪಿಗೆ ಕಟ್ಟಿದ್ದು. ಪುಸ್ತಕದಂಗಡಿಗಳ ಮಧ್ಯೆ ಗೇಟು ಕಣ್ಣಿಗೇ ಬೀಳಲ್ಲ. ಒಂದು ಬೆಳಗ್ಗೆಯಲ್ಲಿ ಇವೆಲ್ಲದರ ಮುಂದೆ ನಡೆದು ಹೋಗಬಹುದು. ಕೆಲವು ಟೂರ್‌ಗಳು ಒಂದೇ ಕಾಲದ ಕಥೆ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತವೆ. ಅದು ಪೇಟೆಗೆ ಮಾಡುವ ಅನ್ಯಾಯ ಅಂತ ನನಗನ್ನಿಸುತ್ತೆ.

1898ರ ಪ್ಲೇಗ್ ಬಗ್ಗೆಯೂ ಕೇಳಿ. ಇಷ್ಟು ಒತ್ತೊತ್ತಾಗಿ ಇದ್ದ ಪೇಟೆಯಲ್ಲಿ ಜನ ಸತ್ತು, ಓಡಿಹೋಗಿ, ಬೀದಿಗಳು ಖಾಲಿಯಾದವು. ಗಾಳಿ ಬೆಳಕು ಇರಲಿ ಅಂತ ಅಗಲ ರಸ್ತೆಯ ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಆ ಹೊತ್ತಲ್ಲಿ. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಶುರುವಾಗಿದ್ದು 1900ರಲ್ಲಿ. ಗಲ್ಲಿಯ ಅಗಲವನ್ನು ಎರಡೂ ಕೈ ಚಾಚಿ ಅಳೆಯಬಹುದಾದ ಕಡೆ ನಿಂತು ಈ ಮಾತು ಕೇಳಿದರೆ ಬೇಗ ಮನಸ್ಸಿಗೆ ಹತ್ತುತ್ತೆ.

ಕಟ್ಟೆ ಪುರಾಣ

ಸರಿ, ಇನ್ನೊಂದು ಸಲ ಬರುತ್ತೇನೆ, ಈ ಸಲ ಕೇಳಿ ವಿಚಾರಿಸಿ. ಆದರೆ ಕನ್ನಡದಲ್ಲಿ ನಡೆಸುವವರು ಎಲ್ಲಿ ಸಿಗುತ್ತಾರೆ? ನಾನು ನೋಡಿದ್ದೆಲ್ಲ ಇಂಗ್ಲಿಷ್.

ಪೇಟೆ ಗಲ್ಲಿ

ಕೇಳಿದರೆ ಸಿಗುತ್ತಾರೆ. ಇಂಗ್ಲಿಷ್‌ನಲ್ಲಿ ನಡೆಸುವ ಎಷ್ಟೋ ಗೈಡ್‌ಗಳ ಮನೆಮಾತು ಕನ್ನಡವೇ. ಯಾರೂ ಕೇಳಲ್ಲ, ಅದಕ್ಕೆ ಪಟ್ಟಿಯಲ್ಲಿ ಹಾಕಿರಲ್ಲ. ಆರೆಂಟು ಜನ ಸೇರಿ ನಮಗೆ ಕನ್ನಡದಲ್ಲೇ ಬೇಕು, ವಾರದ ದಿನ ಬೇಕು ಅಂದರೆ ಖುಷಿಯಿಂದ ಒಪ್ಪುತ್ತಾರೆ. ಬೇಡಿಕೆ ಇಲ್ಲ ಅಂತ ಅವರು, ಟೂರ್ ಇಲ್ಲ ಅಂತ ನಾವು, ಹೀಗೇ ನಡೆದು ಬಂದಿದೆ. ದಯವಿಟ್ಟು ಕೇಳಿ.

ಶಿವಮೊಗ್ಗದ ಮಳೆ

ಹೋಗಿ ಬಂದೆವು! ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಗುರುವಾರ, ಶುಕ್ರವಾರ ಎರಡು ಬೆಳಗ್ಗೆ, ನಾವು ಮೂವರು ಮತ್ತೆ ಇನ್ನೊಂದು ಕುಟುಂಬ. ಗೈಡ್ ಹಾಸನದ ಕಡೆಯ ಹೆಣ್ಣುಮಗಳು, ಪೂರ್ತಿ ಕನ್ನಡ. ಮೊದಲನೇ ದಿನ ಅಪ್ಪ ಅರಮನೆಯ ಕಂಬ ಮುಟ್ಟಿ ನೋಡಿ ತೇಗದ ಬಗ್ಗೆ ಅವರಿಗೇ ಪಾಠ ಮಾಡಿದರು, ಮಲೆನಾಡಿನವರಲ್ವಾ. ಕಂಬದ ಬುಡ ನೆಲಕ್ಕೆ ತಾಗದಂತೆ ಕಲ್ಲಿನ ಪೀಠ ಯಾಕೆ ಇಟ್ಟಿದ್ದಾರೆ, ತೇವ, ಗೆದ್ದಲು, ಎಲ್ಲ ಬಂತು. ಗೈಡ್ ಅದನ್ನು ಬರೆದುಕೊಂಡರು.

ಅಮ್ಮನಿಗೆ ಇಷ್ಟ ಆಗಿದ್ದು ಬಳೇಪೇಟೆ. ವೀಣೆ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲಿ ಗೈಡ್ ಪರಿಚಯ ಹೇಳಿ ಸುಮ್ಮನಾದರು. ಆ ಹಿರಿಯರು ಹಲಸಿನ ಮರ ಯಾಕೆ, ತಂತಿ ಕೆಳಗಿನ ಇಪ್ಪತ್ನಾಲ್ಕು ಲೋಹದ ಮೆಟ್ಟಿಲನ್ನು ಮೇಣದಲ್ಲಿ ಹೇಗೆ ಕೂರಿಸುತ್ತಾರೆ, ಮೇಣ ಹಳೆಯದಾದರೆ ಸ್ವರ ಹೇಗೆ ಕೆಡುತ್ತೆ ಅಂತ ಒಂದೊಂದಾಗಿ ತೋರಿಸಿದರು. ಅಮ್ಮ ಕೇಳಿದ ಪ್ರಶ್ನೆಗಳನ್ನು ಕೇಳಿ ನನಗೇ ಆಶ್ಚರ್ಯ. ಇಂಗ್ಲಿಷ್ ಗುಂಪಾಗಿದ್ದರೆ ಅವರು ಹಿಂದೆ ನಿಂತುಬಿಡುತ್ತಿದ್ದರು, ಅದು ಖಂಡಿತ.

ಮಂಡಿಗೆ ಏನೂ ತೊಂದರೆ ಆಗಲಿಲ್ಲ. ಕೊಡೆ ಐಡಿಯಾ ಚೆನ್ನಾಗಿತ್ತು ಅಕ್ಕಾ. ಧರ್ಮರಾಯನ ಗುಡಿಯವರೆಗೆ ಎರಡನೇ ದಿನ ಆಟೋ ಮಾಡಿದೆವು, ಗಲ್ಲಿಯ ಕೊನೆಯಲ್ಲಿ ಇಳಿದು ಸ್ವಲ್ಪವೇ ನಡೆದದ್ದು.

ಗೈಡ್ ಇನ್ನೂ ಕನ್ನಡದಲ್ಲಿ ನಡೆಸೋಕೆ ರೆಡಿ ಇದ್ದಾರೆ. ಬೇಕಾದವರು ನನಗೆ ಮೆಸೇಜ್ ಮಾಡಿ, ಅವರನ್ನು ಕೇಳಿ ಸಂಪರ್ಕ ಕೊಡುತ್ತೇನೆ.

ಧಾರವಾಡದಿಂದ

ನಾವು ನಾಲ್ಕು ಮಂದಿ ಬರ್ತೀವ್ರಿ. ಶ್ರಾವಣ ಮುಗಿದ ಮೇಲೆ ಯಾವುದರ ಗುರುವಾರ ಆದರ ಚಲೋ.

ಕಟ್ಟೆ ಪುರಾಣ

ನಾನೂ, ನನ್ನ ಮಗಳೂ. ಆರಾಯಿತು.

ಗಲ್ಲಾಪೆಟ್ಟಿಗೆ

ದಿನ ಗೊತ್ತಾದ ಮೇಲೆ ಇಲ್ಲಿ ಹಾಕಿ. ಹತ್ತೂವರೆಗೆ ನಮ್ಮ ಅಂಗಡಿಗೆ ಬನ್ನಿ, ಅಪ್ಪನಿಗೆ ಹೇಳಿರುತ್ತೇನೆ. ಬೋಣಿ ಚಿಂತೆ ಬೇಡ, ಅವತ್ತು ಅದಕ್ಕೂ ಮುಂಚೆ ಒಂದು ವ್ಯಾಪಾರ ಮುಗಿಸಿಕೊಂಡಿರುತ್ತೇವೆ.